ದುಬಾರಿ ಎಸ್ಪ್ರೆಸೊ ಯಂತ್ರಕ್ಕಾಗಿ ಕಾಯುತ್ತಿರುವವರಿಗೆ: ಬಳ್ಳಾರಿಯ ಮನೆಗೆ ಯಾವುದು ಹೊಂದುತ್ತದೆ?

ಬಳ್ಳಾರಿಯಲ್ಲಿ ಎಸ್ಪ್ರೆಸೊ ಹುಚ್ಚು ಹತ್ತಿದವರು ಬಹಳ ಜನ ಇಲ್ಲ. ಹತ್ತಿದವರಿಗೆ ಮಾತ್ರ ಜೋರಾಗಿಯೇ ಹತ್ತಿದೆ. ಗಾಂಧಿನಗರದಲ್ಲಿ, ಕಂಟೋನ್ಮೆಂಟಿನಲ್ಲಿ, ತೋರಣಗಲ್ಲಿನ ಕ್ವಾರ್ಟರ್ಸ್‌ಗಳಲ್ಲಿ ಇರುವ ಗೆಳೆಯರು ಸೇರಿದಾಗಲೆಲ್ಲ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಇಟಲಿಯವರ ಮುಂದಿನ ಮಾಡೆಲ್ ಯಾವಾಗ? ಅದರಲ್ಲಿ ಹೊಸದೇನು? 230 ವೋಲ್ಟಿನದು ನಮ್ಮ ಕಡೆ ಯಾವಾಗ ಸಿಗುತ್ತದೆ? ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಅಣ್ಣಾ, ಹೊಸಾದು ಬರೋ ತನಕ ಕಾಯಬೇಕೋ, ಇರೋದ್ರಾಗೇ ಒಂದು ತಗೊಂಡುಬಿಡಬೇಕೋ?”

ಯಂತ್ರವನ್ನು ಬ್ರ್ಯಾಂಡಿನಿಂದ ಆರಿಸಲು ಶುರುಮಾಡಬೇಡಿ ಎನ್ನುವುದೇ ನನ್ನ ಉತ್ತರ. ಮೊದಲು ನಿಮ್ಮ ಮನೆಯ ನೀರು ನೋಡಿ, ಆಮೇಲೆ ಕರೆಂಟು, ಆಮೇಲೆ ಕೆಟ್ಟರೆ ಬಿಚ್ಚುವವರು ಯಾರು ಎನ್ನುವುದು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಪಟ್ಟಿಯಲ್ಲಿ ಉಳಿಯುವ ಯಂತ್ರಗಳು ಎರಡೋ ಮೂರೋ. ಅವುಗಳಲ್ಲಿ ಯಾವುದನ್ನು ತಂದರೂ ಸುಖವಾಗಿರುತ್ತೀರಿ.

ಹೆಚ್ಚು ದುಡ್ಡು ಏನನ್ನು ಕೊಡುತ್ತದೆ

ಒಂದು ಒಳ್ಳೆಯ ಶಾಟ್‌ಗೆ, ಅಂದರೆ ಒಂದು ಸಲ ಇಳಿಸುವ ಎಸ್ಪ್ರೆಸೊಗೆ, ಬೇಕಾದದ್ದು ಇಷ್ಟೇ: 18 ಗ್ರಾಂ ಪುಡಿ, 93 ಡಿಗ್ರಿ ಆಸುಪಾಸಿನ ನೀರು, 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ ಕಪ್ಪಿಗೆ ಇಳಿಯುವ ಸುಮಾರು 36 ಗ್ರಾಂ ಕಾಫಿ. ಬಿಸಿಯಾಗಿ ನಿಂತ ಗ್ಯಾಜಿಯಾ ಕ್ಲಾಸಿಕ್ ಕೂಡ ಇದನ್ನು ಮಾಡುತ್ತದೆ, ಲಕ್ಷಗಟ್ಟಲೆ ಬೆಲೆಯ ಲಾ ಮಾರ್ಜೊಕೊ ಕೂಡ ಇದನ್ನೇ ಮಾಡುತ್ತದೆ. ಮೊದಲ ಕಪ್ಪಿನಲ್ಲಿ ಎರಡರ ನಡುವಿನ ಅಂತರ, ಬೆಲೆ ನೋಡಿ ನಾವು ಊಹಿಸುವಷ್ಟು ಇರುವುದಿಲ್ಲ. ಗ್ರೈಂಡರ್ ಒಂದೇ ಆಗಿದ್ದರೆ ಇನ್ನೂ ಕಡಿಮೆ.

ಅಂತರ ಕಾಣುವುದು ನಾಲ್ಕನೇ ಕಪ್ಪಿನಲ್ಲಿ. ಮನೆಗೆ ನೆಂಟರು ಬಂದಿದ್ದಾರೆ, ಎಲ್ಲರಿಗೂ ಹಾಲು ಹಾಕಿದ ಕಾಫಿ ಬೇಕು, ಒಂದು ಕೈ ಶಾಟ್ ತೆಗೆಯುತ್ತಿರುವಾಗಲೇ ಇನ್ನೊಂದು ಕೈ ಹಾಲಿಗೆ ಸ್ಟೀಮ್ ಕೊಡಬೇಕು. ಆಗಲೂ ನೀರಿನ ಬಿಸಿ ಅಲುಗಾಡದೆ ನಿಲ್ಲುವುದಕ್ಕೆ, ಸ್ಟೀಮ್ ಸೋಲದೆ ಇರುವುದಕ್ಕೆ ನೀವು ಹೆಚ್ಚುವರಿ ದುಡ್ಡು ಕೊಡುತ್ತೀರಿ. ಒಬ್ಬರೇ ಇದ್ದು, ದಿನಕ್ಕೆ ಎರಡು ಕಪ್ಪು ಹಾಲಿಲ್ಲದೆ ಕುಡಿಯುವವರು ಆ ದುಡ್ಡು ಕೊಡಬೇಕಾಗಿಯೇ ಇಲ್ಲ.

ಜಾತಿಗಳು

ಸಿಂಗಲ್ ಬಾಯ್ಲರ್ ಯಂತ್ರಗಳಲ್ಲಿ ಹೆಸರಾದವು 1991ರ ಗ್ಯಾಜಿಯಾ ಕ್ಲಾಸಿಕ್ ಮತ್ತು 1997ರ ರ‍್ಯಾಂಚಿಲಿಯೊ ಸಿಲ್ವಿಯಾ. ಒಂದೇ ಬಾಯ್ಲರ್, ಎರಡು ಕೆಲಸ. ಕಾಫಿ ತೆಗೆದ ಮೇಲೆ ಸ್ಟೀಮ್ ಸ್ವಿಚ್ ಒತ್ತಿ ಬಾಯ್ಲರ್ ಇನ್ನೂ ಕಾಯುವ ತನಕ ನಿಲ್ಲಬೇಕು, ಮತ್ತೆ ಕಾಫಿಗೆ ಬರಬೇಕಾದರೆ ತಣಿಸಬೇಕು. ಇಬ್ಬರಿಗೆ ಸಾಕು, ನಾಲ್ವರಿಗೆ ಬೇಸರ. ದುಬಾರಿ ಯಂತ್ರಕ್ಕಾಗಿ ಕಾಯುತ್ತಿರುವವರು ಹೇಗೂ ಇದನ್ನು ದಾಟಿ ಬಂದವರು.

ಮುಂದಿನದು ಹೀಟ್ ಎಕ್ಸ್‌ಚೇಂಜರ್. ಇದರ ದೊಡ್ಡ ಬಾಯ್ಲರ್ ಸದಾ ಸ್ಟೀಮಿನ ಬಿಸಿಯಲ್ಲೇ, ಅಂದರೆ 120 ಡಿಗ್ರಿಯ ಮೇಲೇ ಇರುತ್ತದೆ. ಕಾಫಿಯ ನೀರು ಬಾಯ್ಲರಿನ ಒಳಗೆ ಹಾದುಹೋಗುವ ಕೊಳವೆಯಲ್ಲಿ ಹರಿಯುತ್ತಲೇ ಕಾಯುತ್ತದೆ. ಶಾಟ್, ಸ್ಟೀಮ್ ಎರಡೂ ಒಟ್ಟಿಗೆ ನಡೆಯುತ್ತವೆ. ರಾಕೆಟ್ ಅಪ್ಪಾರ್ತಮೆಂಟೊ, ಲೆಲಿಟ್ ಮಾರಾ ಎಕ್ಸ್ ಈ ಜಾತಿಯವು. ತೊಂದರೆ ಏನೆಂದರೆ, ಸುಮ್ಮನೆ ನಿಂತಾಗ ಆ ಕೊಳವೆಯಲ್ಲಿ ನಿಂತ ನೀರು ಕಾದುಬಿಡುತ್ತದೆ. ಹಾಗಾಗಿ ಶಾಟ್‌ಗೆ ಮುಂಚೆ ಒಂದಿಷ್ಟು ನೀರು ಹೊರಗೆ ಬಿಡಬೇಕು. ಮಾರಾ ಎಕ್ಸ್ ಈ ಬಿಸಿಯನ್ನು ತಾನೇ ಹಿಡಿತದಲ್ಲಿಡಲು ನೋಡುತ್ತದೆ, ಉಳಿದವುಗಳಲ್ಲಿ ಕಿವಿಗೊಟ್ಟು ಕೇಳಬೇಕು. ನೀರು ಕೊತಕೊತ ಕುದಿದು ಉಗಿಯ ಜೊತೆ ಸಿಡಿಯುವ ಸದ್ದು ನಿಂತು, ಸರಾಗ ಧಾರೆಯಾದಾಗ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯೇ 40 ಡಿಗ್ರಿ ಮುಟ್ಟುವಾಗ ಗ್ರೂಪ್ ಹೆಡ್, ಅಂದರೆ ಪುಡಿಯ ಮೇಲೆ ನೀರು ಬಿಡುವ ಯಂತ್ರದ ಮೂತಿ, ತಣಿಯುವುದೂ ನಿಧಾನ, ಬಿಡಬೇಕಾದ ನೀರೂ ಹೆಚ್ಚು.

ಡ್ಯುಯಲ್ ಬಾಯ್ಲರ್ ಅಂದರೆ ಕಾಫಿಗೊಂದು, ಸ್ಟೀಮಿಗೊಂದು. 1970ರಲ್ಲಿ ಲಾ ಮಾರ್ಜೊಕೊ ಕೆಫೆಗಳಿಗಾಗಿ ತಂದ ಜಿಎಸ್ ಯಂತ್ರದಲ್ಲಿ ಇದ್ದ ಈ ಏರ್ಪಾಡು ಈಗ ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಗಾತ್ರಕ್ಕೆ ಇಳಿದಿದೆ. 2015ರಲ್ಲಿ ಲೀನಿಯಾ ಮಿನಿ, 2022ರಲ್ಲಿ ಅದಕ್ಕಿಂತ ಸಣ್ಣ ಲೀನಿಯಾ ಮೈಕ್ರಾ. ಲೆಲಿಟ್ ಬಿಯಾಂಕಾ, ಇಸಿಎಂ ಸಿಂಕ್ರೊನಿಕಾ ಕೂಡ ಡ್ಯುಯಲ್ ಬಾಯ್ಲರುಗಳೇ, ಆದರೆ ಅವುಗಳ ಮೂತಿಯಲ್ಲಿ ಇರುವುದು ಇ61 ಗ್ರೂಪ್. ಅದರ ಮಾತು ಮುಂದೆ ಬರುತ್ತದೆ.

ಹಾಂಗ್‌ಕಾಂಗ್‌ನ ಡೀಸೆಂಟ್ ಇವೆಲ್ಲಕ್ಕಿಂತ ಬೇರೆ. ದೊಡ್ಡ ಬಾಯ್ಲರ್ ಇಲ್ಲ, ಬಿಸಿ ನೀರನ್ನೂ ತಣ್ಣೀರನ್ನೂ ಬೆರೆಸಿ ಬೇಕಾದ ಬಿಸಿಯನ್ನು ಆ ಕ್ಷಣಕ್ಕೆ ಮಾಡಿಕೊಳ್ಳುತ್ತದೆ. ಒತ್ತಡ, ಹರಿವು, ಬಿಸಿ ಎಲ್ಲವನ್ನೂ ಟ್ಯಾಬ್ಲೆಟ್ಟಿನ ಮೇಲೆ ಗೆರೆ ಎಳೆದು ತೋರಿಸುತ್ತದೆ. ಶಾಟ್ ಯಾಕೆ ಹಾಗಾಯಿತು ಎಂದು ತಿಳಿಯುವ ಆಸೆ ಇರುವವರಿಗೆ ಇದರಷ್ಟು ಕಲಿಸುವ ಯಂತ್ರ ಇನ್ನೊಂದಿಲ್ಲ. ಆದರೆ ಪೂರ್ತಿ ಎಲೆಕ್ಟ್ರಾನಿಕ್ಸ್ ಮೇಲೆ ನಿಂತದ್ದನ್ನು ನಮ್ಮೂರಿಗೆ ತರಿಸುವ ಮುನ್ನ ಕರೆಂಟಿನ ಭಾಗವನ್ನು ಎರಡು ಸಲ ಓದಿ.

ಇನ್ನು ಕೈಯಿಂದ ಒತ್ತುವ ಲಿವರ್ ಯಂತ್ರಗಳು. 1948ರಲ್ಲಿ ಗ್ಯಾಜಿಯಾದ ಲಿವರ್ ಯಂತ್ರ ಬಂದ ಮೇಲೆಯೇ ಎಸ್ಪ್ರೆಸೊ ಮೇಲೆ ಕ್ರೆಮಾ ಎನ್ನುವ ಹೊಂಬಣ್ಣದ ನೊರೆ ಕಾಣಿಸಿಕೊಂಡದ್ದು. ಈಗಿನ ಕೆಫೆಲಾಟ್ ರೋಬೋಟ್‌ಗೆ ಕರೆಂಟೇ ಬೇಡ, ಕುದಿಸಿದ ನೀರು ಸುರಿದು ಎರಡೂ ತೋಳು ಒತ್ತಿದರೆ ಆಯಿತು. ಫ್ಲೇರ್ 58ರಲ್ಲಿ ಮೇಲ್ಭಾಗ ಬಿಸಿ ಮಾಡಲು ಮಾತ್ರ ಕರೆಂಟು. ಹಾಲು ಬೇಡದವರಿಗೆ, ಕರೆಂಟು ಕೈಕೊಡುವ ಬಡಾವಣೆಯವರಿಗೆ ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಹಳೆಯ ಚೆಲುವೆ ಲಾ ಪಾವೋನಿ ಯೂರೋಪಿಕೊಲಾ ಬಗ್ಗೆ ಮಾತ್ರ ಎಚ್ಚರ: ಅದರ ಗ್ರೂಪ್ ಬಾಯ್ಲರಿಗೇ ಅಂಟಿಕೊಂಡಿರುವುದರಿಂದ ಎರಡು ಮೂರು ಶಾಟ್ ಆಗುತ್ತಲೇ ಅತಿಯಾಗಿ ಕಾಯುತ್ತದೆ. ಬಳ್ಳಾರಿ ಬೇಸಿಗೆ ಅದಕ್ಕೆ ಒಗ್ಗುವುದಿಲ್ಲ.

ನೀರು

ನಿಮ್ಮ ಎಲೆಕ್ಟ್ರಿಕ್ ಕೆಟಲಿನ ತಳವನ್ನು ಒಮ್ಮೆ ಬೆರಳಿನಿಂದ ಕೆರೆದು ನೋಡಿ. ಉಗುರಿಗೆ ಬಿಳಿ ಪುಡಿ ಹತ್ತಿದರೆ, ಗಟ್ಟಿ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ, ಅದೇ ಪದರ ನಾಳೆ ನಿಮ್ಮ ಯಂತ್ರದ ಒಳಗೆ ಕಟ್ಟುತ್ತದೆ. ಕೆಟಲಿನಲ್ಲಿ ಕಾಣುತ್ತದೆ, ಬಾಯ್ಲರಿನಲ್ಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನಗರದ ನಲ್ಲಿಗೆ ಬರುವುದು ಅಲ್ಲೀಪುರ ಕೆರೆಯ ಮೂಲಕ ತುಂಗಭದ್ರೆಯ ಕಾಲುವೆ ನೀರು. ಅದು ಬೋರ್ ನೀರಿಗಿಂತ ಮೆದು. ಆದರೆ ಬಹಳ ಮನೆಗಳಲ್ಲಿ ನಲ್ಲಿ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳುತ್ತವೆ. ಹಾಗಾಗಿ ಈ ವಾರದ ನೀರು ಮುಂದಿನ ವಾರ ಇರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರ ತನಕ ಒಪ್ಪುತ್ತಾರೆ. ಹೊಟ್ಟೆಗೆ ಅದು ನಡೆಯುತ್ತದೆ. ಎಸ್ಪ್ರೆಸೊ ಯಂತ್ರಕ್ಕೆ ನೂರರ ಒಳಗೆ ಇದ್ದರೆ ಒಳ್ಳೆಯದು.

ಸ್ಟೀಮ್ ಬಾಯ್ಲರಿನಲ್ಲಿ ಸಮಸ್ಯೆ ಇನ್ನೂ ಕೆಟ್ಟದು. ಉಗಿಯಾಗಿ ಹೊರಗೆ ಹೋಗುವುದು ಶುದ್ಧ ನೀರು. ಲವಣ ಒಳಗೇ ಉಳಿಯುತ್ತದೆ. ಮತ್ತೆ ನೀರು ತುಂಬಿಕೊಳ್ಳುತ್ತದೆ, ಮತ್ತೆ ಲವಣ ಸೇರುತ್ತದೆ. ದಿನವೂ ಹಾಲು ಕಾಯಿಸುವ ಮನೆಯಲ್ಲಿ ಬಾಯ್ಲರಿನ ನೀರು ತಿಂಗಳೊಪ್ಪತ್ತಿನಲ್ಲಿ ಟ್ಯಾಂಕಿನ ನೀರಿಗಿಂತ ಎಷ್ಟೋ ಗಡಸಾಗಿರುತ್ತದೆ. ಬಿಸಿನೀರಿನ ನಲ್ಲಿಯಿಂದ ಆಗಾಗ ಒಂದೆರಡು ಲೋಟ ತೆಗೆದು ಚೆಲ್ಲುವುದು ಇದಕ್ಕಾಗಿಯೇ. ಇ61 ಗ್ರೂಪಿನಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ತೂತಿನ ಜೆಟ್ ಇರುತ್ತದೆ. ಒಂದು ಚಕ್ಕೆ ಬಂದು ಅದಕ್ಕೆ ಅಡ್ಡ ಕೂತರೆ ಸಾಕು, ಶಾಟ್ ನಿಂತೇ ಹೋಗುತ್ತದೆ.

ಹಾಗಾದರೆ ಆರ್‌ಒ ನೀರು ಸುರಿದರೆ ಮುಗಿಯಿತಲ್ಲ ಎನ್ನುತ್ತೀರಿ. ಬರೀ ಆರ್‌ಒ ನೀರೂ ಸರಿಯಲ್ಲ. ಬಾಯ್ಲರಿನಲ್ಲಿ ನೀರಿನ ಮಟ್ಟ ನೋಡುವ ಕಡ್ಡಿ, ನೀರಿನಲ್ಲಿ ಹರಿಯುವ ಸಣ್ಣ ಕರೆಂಟಿನಿಂದ ಮಟ್ಟ ತಿಳಿಯುತ್ತದೆ. ಲವಣವೇ ಇಲ್ಲದ ನೀರಿನಲ್ಲಿ ಆ ಕರೆಂಟು ಸರಿಯಾಗಿ ಹರಿಯದು. ಬಾಯ್ಲರ್ ತುಂಬಿದ್ದರೂ ಖಾಲಿ ಎಂದುಕೊಂಡು ಯಂತ್ರ ತುಂಬುತ್ತಲೇ ಹೋಗಬಹುದು. ಇಷ್ಟು ಬರಿದಾದ ನೀರು ಲೋಹವನ್ನೂ ತಿನ್ನುತ್ತದೆ. ಕಾಫಿಯೂ ಚಪ್ಪೆ ಹುಳಿಯಾಗಿ ಬರುತ್ತದೆ.

ನಮ್ಮ ಗುಂಪಿನಲ್ಲಿ ಎಲ್ಲರೂ ಬಂದು ನಿಂತಿರುವ ದಾರಿ ಸುಲಭದ್ದು: ಆರ್‌ಒ ನೀರಿಗೆ ಲೀಟರಿಗೆ 0.1 ಗ್ರಾಂ ಪೊಟ್ಯಾಸಿಯಂ ಬೈಕಾರ್ಬನೇಟ್. 20 ಲೀಟರಿನ ಕ್ಯಾನಿಗೆ 2 ಗ್ರಾಂ. ತಿನ್ನುವ ದರ್ಜೆಯದು ತರಿಸಿ, ಕಾಫಿ ತೂಗುವ ತಕ್ಕಡಿಯಲ್ಲೇ ತೂಗಿ. ಕ್ಯಾಲ್ಸಿಯಂ ಇಲ್ಲದ್ದರಿಂದ ಪದರ ಕಟ್ಟುವುದಿಲ್ಲ, ಕಡ್ಡಿಗೆ ಬೇಕಾದ ಕರೆಂಟೂ ಹರಿಯುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸುವವರು ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ, ಘಟಕದ ಮೆಂಬ್ರೇನ್ ಹಳತಾಗಿದ್ದರೆ ನೀರು ಹೆಸರಿಗೆ ಮಾತ್ರ ಆರ್‌ಒ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಗಡಸುತನ ತೋರಿಸುವುದಿಲ್ಲ ಎನ್ನುವುದೂ ನೆನಪಿರಲಿ. ಮೀನು ಸಾಕುವವರು ಬಳಸುವ ಹನಿ ಪರೀಕ್ಷೆಯ ಕಿಟ್ ತನ್ನಿ. ಎಷ್ಟನೇ ಹನಿಗೆ ಬಣ್ಣ ತಿರುಗಿತೋ ಅದನ್ನು 17.8ರಿಂದ ಗುಣಿಸಿದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಗಡಸುತನ ಸಿಗುತ್ತದೆ.

ಈ ಕೆಲಸ ದಿನವೂ ಆಗದು ಅನ್ನಿಸಿದರೆ ದೊಡ್ಡ ಸ್ಟೀಮ್ ಬಾಯ್ಲರಿನ ಯಂತ್ರ ತರಲೇಬೇಡಿ. ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಕೈಯಿಂದ ಒತ್ತುವ ಕೆಫೆಲಾಟ್ ರೋಬೋಟ್ ತನ್ನಿ, ಅದರಲ್ಲಿ ಪದರ ಕಟ್ಟಲು ಬಾಯ್ಲರೇ ಇಲ್ಲ.

ಕರೆಂಟು

ಅಮೆರಿಕದಿಂದ ಬರುವ ಅಳಿಯನ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ಇಲ್ಲೇ ಬಿಡಿ. ಅಲ್ಲಿನವು 110–120 ವೋಲ್ಟಿನವು. ವಾರಂಟಿಯೂ ಅವುಗಳ ಜೊತೆ ಸಮುದ್ರ ದಾಟುವುದಿಲ್ಲ.

ಅಡುಗೆಮನೆಯ ಸಣ್ಣ 6 ಆಂಪ್ ಸಾಕೆಟ್ಟಿನಲ್ಲಿ 230 ವೋಲ್ಟಿಗೆ 1,380 ವ್ಯಾಟ್ ಮಾತ್ರ ಎಳೆಯಬಹುದು. ದೊಡ್ಡ ಯಂತ್ರಗಳಿಗೆ 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ವೋಲ್ಟೇಜ್ ಇಳಿದಾಗ ಏನಾಗುತ್ತದೆ ನೋಡಿ: ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಬೇಸಿಗೆ ಸಂಜೆ ಎಲ್ಲರ ಎಸಿ ಓಡುತ್ತಿರುವಾಗ 180 ವೋಲ್ಟ್ ಬಂದರೆ 1,400 ವ್ಯಾಟಿನ ಹೀಟರ್ 860 ವ್ಯಾಟ್ ಆಸುಪಾಸಿಗೆ ಕುಸಿಯುತ್ತದೆ. ಎರಡನೇ ಜಗ್ ಹಾಲಿಗೆ ಸ್ಟೀಮ್ ಯಾಕೆ ಸೋತಿತು ಎಂದು ಯಂತ್ರವನ್ನು ಬೈಯುವ ಮುನ್ನ ಮೀಟರ್ ಹಚ್ಚಿ ನೋಡಬೇಕು. ಎಸಿಗೆ ಹಾಕುವಂಥ ದೊಡ್ಡ ಸ್ಟೆಬಿಲೈಸರನ್ನು ಯಂತ್ರದ ಆಂಪ್ ನೋಡಿಯೇ ಕೊಳ್ಳಿ. ಫ್ರಿಜ್ಜಿನ ಸ್ಟೆಬಿಲೈಸರ್ ತಡೆಯುವುದಿಲ್ಲ, ಮನೆಯ ಇನ್ವರ್ಟರಿಗೆ ಜೋಡಿಸುವುದಂತೂ ಬೇಡವೇ ಬೇಡ.

ಇ61 ಮತ್ತು ಹೊಸ ತಲೆಮಾರು

ಮನಸ್ಸು ಎರಡಾಗುವುದು ಇಲ್ಲೇ. ಕಾಯುವಿಕೆಯೆಲ್ಲ ಇದರ ಸುತ್ತ.

ಇ61 ಗ್ರೂಪ್ 1961ರಲ್ಲಿ ಫಾಯೆಮಾ ಕಂಪನಿ ತಂದದ್ದು. ಆ ವರ್ಷದ ಸೂರ್ಯಗ್ರಹಣದ (ಎಕ್ಲಿಪ್ಸ್) ‘ಇ’ಯಿಂದ ಆ ಹೆಸರು. ನಾಲ್ಕು ಕಿಲೋ ತೂಗುವ ಹಿತ್ತಾಳೆ, ಅದರೊಳಗೆ ಬಾಯ್ಲರಿನ ಬಿಸಿನೀರು ತಾನಾಗಿ ಸುತ್ತುತ್ತಲೇ ಇರುತ್ತದೆ. ಅಷ್ಟು ಲೋಹ ಪೂರ್ತಿ ಕಾಯಲು ಅರ್ಧ ಗಂಟೆಯ ಮೇಲೇ ಬೇಕು. ನಡುವೆ ಕರೆಂಟು ಹೋಯಿತೋ, ಲೆಕ್ಕ ಮತ್ತೆ ಶುರು. ಹೊಸ ತಲೆಮಾರಿನ ಲೀನಿಯಾ ಮೈಕ್ರಾ ಐದೇ ನಿಮಿಷದಲ್ಲಿ ತಯಾರಾಗುತ್ತದೆ. 19 ಕಿಲೋ ತೂಕ, 2 ಲೀಟರ್ ಟ್ಯಾಂಕು. ಬೆಳಿಗ್ಗೆ ಡ್ಯೂಟಿಗೆ ಓಡುವವರಿಗೆ, ಸುಡುಬೇಸಿಗೆಯಲ್ಲಿ ಒಲೆಯ ಪಕ್ಕ ಇನ್ನೊಂದು ಒಲೆ ಉರಿಸಿಡಲು ಮನಸ್ಸಿಲ್ಲದವರಿಗೆ ಇದು ದೊಡ್ಡ ಸುಖ. ಮುಂದೆ ಬರುವ ದುಬಾರಿ ಯಂತ್ರಗಳೂ ಇದೇ ದಾರಿ ಹಿಡಿಯುತ್ತವೆ ಎಂದು ನನ್ನ ಎಣಿಕೆ: ಬೇಗ ಕಾಯುವುದು, ಚಿಕ್ಕದಾಗುವುದು, ಫೋನಿಗೆ ಜೋಡಿಸಿಕೊಳ್ಳುವುದು.

ಆದರೆ ಕೆಟ್ಟಾಗ? ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್ ಮೇಲಿದೆ. 19 ಕಿಲೋ, 30 ಕಿಲೋ ತೂಕದ ಯಂತ್ರವನ್ನು ಪ್ಯಾಕ್ ಮಾಡಿ ಕಳಿಸಿ, ಬರುವ ತನಕ ಕಾಯುವುದು ಸಣ್ಣ ಮಾತಲ್ಲ. ಇ61ರ ಗ್ಯಾಸ್ಕೆಟ್, ಜಾಲರಿ, ಸ್ಪ್ರಿಂಗ್ ಹತ್ತಾರು ಕಂಪನಿಗಳ ಯಂತ್ರಕ್ಕೆ ಒಂದೇ. ಸ್ಪ್ಯಾನರ್ ಹಿಡಿಯಲು ಬಂದರೆ ಮನೆಯಲ್ಲೇ ಬದಲಿಸಬಹುದು. ಬಳ್ಳಾರಿಗೆ ಇನ್ನೊಂದು ಅನುಕೂಲ ಇದೆ, ಬೇರೆ ಊರಿನವರಿಗೆ ಅದಿಲ್ಲ. ಜೀನ್ಸ್ ಹೊಲಿಯುವ ಈ ಊರಿನಲ್ಲಿ ಸ್ಟೀಮ್ ಇಸ್ತ್ರಿಯ ಸಣ್ಣ ಬಾಯ್ಲರುಗಳು ಬಹಳ. ಅವುಗಳಲ್ಲಿ ಇರುವುದೂ ಹೀಟಿಂಗ್ ಎಲಿಮೆಂಟ್, ಪ್ರೆಷರ್ ಸ್ವಿಚ್, ಸೊಲೆನಾಯ್ಡ್ ವಾಲ್ವ್, ಸೇಫ್ಟಿ ವಾಲ್ವ್. ಅವನ್ನು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಹಳೆಯ ಶೈಲಿಯ ಹೀಟ್ ಎಕ್ಸ್‌ಚೇಂಜರ್ ಯಂತ್ರದ ಕವಚ ಬಿಚ್ಚಿ ತೋರಿಸಿದರೆ ಮುಕ್ಕಾಲು ಪಾಲು ಅವನಿಗೆ ಗೊತ್ತಿದ್ದದ್ದೇ. ಮೈಕ್ರಾದ ಸರ್ಕ್ಯೂಟ್ ಬೋರ್ಡ್ ಅವನ ಕೈಗೆ ಕೊಡಲು ಬರುವುದಿಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ. ಕೈಯಲ್ಲಿ ಕೆಲಸ ಮಾಡುವ ಆಸೆ ಇರುವವರು, ಮನೆಯಲ್ಲಿ ಹಾಲಿನ ಕಾಫಿಯೇ ಹೆಚ್ಚು ಎನ್ನುವವರು ಇ61 ಹೀಟ್ ಎಕ್ಸ್‌ಚೇಂಜರ್ ತನ್ನಿ, ಹೊಸ ಮಾಡೆಲಿಗೆ ಕಾಯಬೇಡಿ. ಚಿಕ್ಕಮಗಳೂರು ಕಡೆಯ ತೋಟಗಳ ತಿಳಿ ಹುರಿತದ ಅರೇಬಿಕಾವನ್ನು ಬಗೆಬಗೆಯಾಗಿ ಸವಿಯುವವರಿಗೆ ನೀರಿನ ಹರಿವನ್ನು ಹೆಚ್ಚು ಕಡಿಮೆ ಮಾಡುವ ಹಿಡಿ ಇರುವ ಬಿಯಾಂಕಾ. ಅಂಥ ಬೀಜಕ್ಕೆ ಮೊದಲು ಮೆಲ್ಲಗೆ ನೆನೆಸಿ ಆಮೇಲೆ ಒತ್ತಡ ಏರಿಸಲು ಬರುವುದು ದೊಡ್ಡ ಅನುಕೂಲ. ಸರ್ವಿಸ್ ಕಾಂಟ್ರಾಕ್ಟ್ ಬರಹದಲ್ಲಿ ಕೊಡುವ ಮಾರಾಟಗಾರ ಸಿಕ್ಕರೆ ಮಾತ್ರ ಮೈಕ್ರಾ ಅಥವಾ ಅದರ ಮುಂದಿನ ತಲೆಮಾರು.

ಗ್ರೈಂಡರ್ ಮೊದಲು

ಬಜೆಟ್ಟಿನ ಮೂರನೇ ಒಂದು ಪಾಲಾದರೂ ಗ್ರೈಂಡರಿಗೆ ಇಡಿ. ಪುಡಿ ಸರಿಯಿಲ್ಲದೆ ಯಾವ ಯಂತ್ರವೂ ಶಾಟ್ ಕೊಡದು. ಅಂಗಡಿಯಲ್ಲಿ ಬೀಸಿಸಿ ತಂದದ್ದು ಆಗುವುದಿಲ್ಲ, ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನಂತೂ ಯಂತ್ರದ ಬಾಸ್ಕೆಟ್ಟಿಗೆ, ಅಂದರೆ ಪುಡಿ ತುಂಬುವ ತೂತಿನ ಬಟ್ಟಲಿಗೆ, ಹಾಕಲೇಬೇಡಿ. ಅಂಟಾಗಿ ದಾರಿ ಕಟ್ಟಿಬಿಡುತ್ತದೆ. ಅದು ಹಿತ್ತಾಳೆ ಫಿಲ್ಟರಿಗೇ ಚೆಂದ.

ನಮ್ಮ ಒಣ ಹವೆಯಲ್ಲಿ ಪುಡಿ ಗ್ರೈಂಡರಿನ ಬಾಯಿಗೆ, ಗೋಡೆಗೆ, ಬಟ್ಟೆಗೆ ಹಾರಿ ಅಂಟಿಕೊಳ್ಳುತ್ತದೆ. ಅದು ಸ್ಥಿರ ವಿದ್ಯುತ್ತಿನ ಆಟ. ಬೀಜ ಹಾಕುವ ಮುನ್ನ ಚಮಚದ ಹಿಡಿಯನ್ನು ನೀರಿಗೆ ಅದ್ದಿ ಆ ಒಂದು ಹನಿಯಲ್ಲಿ ಬೀಜ ಕಲಕಿ. ಈ ಉಪಾಯ ಕೆಲಸ ಮಾಡುತ್ತದೆ ಎಂದು 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರೂ ಅಳೆದು ತೋರಿಸಿದ್ದಾರೆ. ಬೀಜದ ಪ್ಯಾಕೆಟ್ ಕೊರಿಯರ್ ಗೋಡೌನಿನ ತಗಡಿನ ಕೆಳಗೆ ಬಿದ್ದಿರದ ಹಾಗೆ, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ತರಿಸಿ.

ಹಾಲಿನ ವಿಷಯ ಎರಡೇ ಮಾತು. ನಂದಿನಿ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಮೊದಲೇ ಕಾಯಿಸಬೇಕಾಗಿಲ್ಲ, ಫ್ರಿಜ್ಜಿನಿಂದ ತಣ್ಣಗೆ ತೆಗೆದು ಸ್ಟೀಮ್ ಕೊಡಿ. 60 ಡಿಗ್ರಿ ದಾಟುತ್ತಿದ್ದಂತೆ ನಿಲ್ಲಿಸಿ, 70 ಮುಟ್ಟಿದರೆ ಸಿಹಿ ಹೋಗಿ ಸುಟ್ಟ ವಾಸನೆ ಬರುತ್ತದೆ.

ಕಾಯುವುದೇ ಆದರೆ

ಕೈಯಲ್ಲಿ ಒಳ್ಳೆಯ ಗ್ರೈಂಡರ್ ಇದ್ದು, ಈಗಿನ ಯಂತ್ರ ಓಡುತ್ತಿದ್ದರೆ ಕಾಯಿರಿ, ಕಾಯುವುದರಲ್ಲೂ ಒಂದು ಸಂತೋಷ ಇದೆ. ಆದರೆ ಬುಕಿಂಗ್ ತೆರೆದ ದಿನವೇ ದುಡ್ಡು ಕಟ್ಟಬೇಡಿ. ಮೊದಲ ತಂಡದ ಯಂತ್ರಗಳು ಜನರ ಮನೆಯಲ್ಲಿ ಒಂದು ಬೇಸಿಗೆಯಾದರೂ ಕಳೆಯಲಿ. ಮಾರುವವರನ್ನು ಕೇಳಿ: 230 ವೋಲ್ಟ್, 50 ಹರ್ಟ್ಜ್ ಮಾಡೆಲ್ ಭಾರತದ ವಾರಂಟಿಯ ಜೊತೆ ಬರುತ್ತದೆಯೇ? ಪಂಪು, ಎಲಿಮೆಂಟ್, ಬೋರ್ಡ್ ಭಾರತದಲ್ಲೇ ದಾಸ್ತಾನು ಇದೆಯೇ? ಬಳ್ಳಾರಿಗೆ ಮೆಕ್ಯಾನಿಕ್ ಬರುತ್ತಾರೆಯೇ, ಇಲ್ಲ ಯಂತ್ರವೇ ಬೆಂಗಳೂರಿಗೆ ಹೋಗಬೇಕೇ, ಹೋಗುವ ಖರ್ಚು ಯಾರದು? ಆ್ಯಪ್ ನಿಂತುಹೋದರೂ ಯಂತ್ರ ಕಾಫಿ ಕೊಡುತ್ತದೆಯೇ? ನೀರಿನ ಗಡಸುತನ ಎಷ್ಟಿದ್ದರೆ ವಾರಂಟಿ ರದ್ದು? ಉತ್ತರಗಳನ್ನು ಇಮೇಲಿನಲ್ಲೇ ತರಿಸಿಕೊಳ್ಳಿ. ಪೆಟ್ಟಿಗೆ ಮನೆಗೆ ಬಂದ ದಿನ ಪ್ಲಗ್ ಹಾಕುವ ಮುಂಚೆ ಹಿಂಬದಿಯ ತಗಡಿನ ಮೇಲೆ ಬರೆದ ವೋಲ್ಟ್, ವ್ಯಾಟ್ ಓದಿ, ಫೋಟೊ ತೆಗೆದು, ಬಿಲ್ಲಿನ ಜೊತೆ ಇಡಿ.